ನ್ಯೂಯಾರ್ಕಿನ ‘ಮೆಕ್ಕಾ ಟೆಂಪಲ್’

ನ್ಯೂಯಾರ್ಕ್ ನಗರದ ಹೃದಯಭಾಗವಾದ ಮ್ಯಾನ್‌ಹಟನ್‌ನಲ್ಲಿ, 55ನೇ ಬೀದಿಯ ಬದಿಗೆ, ದೊಡ್ಡದೊಂದು ಗುಮ್ಮಟ ಹೊತ್ತ ಕಟ್ಟಡವಿದೆ. ಮರಳುಗಲ್ಲಿನ ಎತ್ತರದ ಗೋಡೆ, ಬಾಗಿಲುಗಳ ಮೇಲೆ ಬಣ್ಣಬಣ್ಣದ ಹೊಳಪು ಬಿಲ್ಲೆಗಳಿಂದ ಅಲಂಕರಿಸಿದ ಕಮಾನುಗಳು, ಒಳಗೆ ಹೋದರೆ ಜೇನುಗೂಡಿನಂತೆ ಚಾವಣಿಯಿಂದ ಇಳಿಬಿದ್ದ ಗಾರೆಯ ಕುಸುರಿ. 1924ರ ಕೊನೆಯಲ್ಲಿ ಅದು ತೆರೆದಾಗ ಅದಕ್ಕಿದ್ದ ಹೆಸರು ‘ಮೆಕ್ಕಾ ಟೆಂಪಲ್’. ಇಷ್ಟು ಓದಿದ ಮೇಲೆ ಇದು ಮಸೀದಿಯೋ, ಮದ್ರಸವೋ ಇರಬೇಕೆಂದು ನೀವು ಊಹಿಸಿದ್ದರೆ ತಪ್ಪಿಲ್ಲ. ಮೊದಲ ಸಲ ಅದರ ಚಿತ್ರ ಕಂಡಾಗ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಅದನ್ನು ಕಟ್ಟಿಸಿದವರು ಮುಸ್ಲಿಮರಲ್ಲ, ಕಟ್ಟಿಸಿದ್ದು ನಮಾಝಿಗಾಗಿಯೂ ಅಲ್ಲ. ಸಂಜೆಯ ಊಟ, ಸಂಗೀತ, ತಮಾಷೆ, ಗೆಳೆತನ ಇವೇ ಅಲ್ಲಿ ನಡೆಯಬೇಕಾದ ಕೆಲಸಗಳಾಗಿದ್ದವು.

ಹಾಗಾದರೆ ಮಕ್ಕಾದ ಹೆಸರು ಅಲ್ಲಿಗೆ ಬಂದದ್ದು ಹೇಗೆ? ಅದಕ್ಕಾಗಿ ನೀವು ನನ್ನೊಂದಿಗೆ ಸ್ವಲ್ಪ ಹಿಂದಕ್ಕೆ ಬರಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಊರೂರುಗಳಲ್ಲಿ ಗಂಡಸರ ಸಂಘಗಳು ಹುಟ್ಟಿಕೊಂಡವು. ವಾರಕ್ಕೋ ತಿಂಗಳಿಗೋ ಸೇರುವುದು, ಗುಟ್ಟಿನ ಸಂಕೇತಗಳು, ವಿಶೇಷ ಉಡುಪು, ಸತ್ತವರ ಕುಟುಂಬಕ್ಕೆ ಒಂದಿಷ್ಟು ನೆರವು. ಇವುಗಳಲ್ಲಿ ಹಳೆಯದು ಮತ್ತು ಪ್ರಬಲವಾದುದು ಫ್ರೀಮೇಸನ್ ಸಂಘ. ಅವರ ಸಭಾಗೃಹಕ್ಕೆ ಲಾಡ್ಜ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೂ ಇಂಥ ಲಾಡ್ಜ್‌ಗಳಿದ್ದವು. ಬಾಗಿಲು ಮುಚ್ಚಿ ಒಳಗೆ ಏನೋ ಮಾಡುತ್ತಾರೆಂದು ಉತ್ತರ ಭಾರತದ ಜನ ಅವುಗಳನ್ನು ‘ಜಾದೂ ಘರ್’ ಎಂದು ಕರೆಯುತ್ತಿದ್ದರು. ಫ್ರೀಮೇಸನ್ ಎಂದೊಡನೆ ನಮ್ಮಲ್ಲಿ ಇಂದಿಗೂ ಪಿಸುಮಾತು ಆರಂಭವಾಗುತ್ತದೆ, ಜಗತ್ತನ್ನೇ ಆಡಿಸುವವರು ಅವರು ಎಂಬಂಥ ಮಾತುಗಳು. ವಿದ್ಯಾರ್ಥಿಗಳು ಅಂಥ ಮಾತನ್ನು ಕೇಳಿದಾಗ ‘ದಾಖಲೆ ಎಲ್ಲಿದೆ?’ ಎಂದು ಕೇಳಲು ಕಲಿಯಬೇಕು. ನಾನು ಹೇಳಹೊರಟಿರುವ ಕಥೆಯಲ್ಲಿ ಅಂಥ ಪಿತೂರಿ ಯಾವುದೂ ಇಲ್ಲ. ಇರುವುದು ಒಂದು ದೊಡ್ಡ ಸಾಲ, ಅದರಲ್ಲೂ ಹೇಳದೆ ತೆಗೆದುಕೊಂಡ ಸಾಲ.

1870ರ ಸುಮಾರಿಗೆ ನ್ಯೂಯಾರ್ಕಿನ ಕೆಲವು ಫ್ರೀಮೇಸನ್ ಗೆಳೆಯರಿಗೆ ಲಾಡ್ಜಿನ ಗಾಂಭೀರ್ಯ ಸಾಕೆನಿಸಿತ್ತಂತೆ. ನಗುವುದಕ್ಕೂ ಒಂದು ಸಂಘ ಬೇಕೆಂದರು. ಅವರಲ್ಲಿ ಇಬ್ಬರು ಮುಖ್ಯರು: ವೈದ್ಯ ವಾಲ್ಟರ್ ಫ್ಲೆಮಿಂಗ್ ಮತ್ತು ಆ ಕಾಲದ ಹೆಸರಾಂತ ನಟ ವಿಲಿಯಂ ಫ್ಲಾರೆನ್ಸ್. ಫ್ರಾನ್ಸಿನ ಮಾರ್ಸೇಲ್ ಪಟ್ಟಣದಲ್ಲಿ ಅರಬ್ ರಾಯಭಾರಿಯೊಬ್ಬರ ಔತಣಕ್ಕೆ ಹೋಗಿದ್ದಾಗ ಅಲ್ಲಿ ಕಂಡ ವೇಷ, ಹಾಡು, ನಾಟಕದಿಂದ ಈ ಯೋಚನೆ ಹೊಳೆಯಿತೆಂದು ಫ್ಲಾರೆನ್ಸ್ ಹೇಳಿದನೆಂಬುದು ಸಂಘದ ಕಥೆ. ನಟನ ಮಾತು, ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು. ಅದೇನೇ ಇರಲಿ, 1872ರ ಸೆಪ್ಟೆಂಬರ್‌ನಲ್ಲಿ ‘ಏನ್ಷಿಯಂಟ್ ಅರಬಿಕ್ ಆರ್ಡರ್ ಆಫ್ ದ ನೋಬಲ್ಸ್ ಆಫ್ ದ ಮಿಸ್ಟಿಕ್ ಶ್ರೈನ್’ ಎಂಬ ಉದ್ದನೆಯ ಹೆಸರಿನ ಸಂಘದ ಮೊದಲ ಶಾಖೆ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ‘ಪ್ರಾಚೀನ ಅರಬ್ ಪಂಥ’ ಎಂದು ಅದರ ತಾತ್ಪರ್ಯ. ಸದಸ್ಯರನ್ನು ಚಿಕ್ಕದಾಗಿ ಶ್ರೈನರ್ಸ್ ಎಂದರು. ಮೊದಲ ಶಾಖೆಗೆ ಇಟ್ಟ ಹೆಸರೇ ಮೆಕ್ಕಾ.

ತಲೆಗೆ ಕುಚ್ಚು ಇಳಿಬಿಟ್ಟ ಕೆಂಪು ಟೋಪಿ. ನಮ್ಮ ಅಜ್ಜಂದಿರು ಅದನ್ನು ತುರ್ಕಿ ಟೋಪಿ ಎಂದು ಕರೆಯುತ್ತಿದ್ದರು. ಸರ್ ಸಯ್ಯದ್ ಅಹ್ಮದ್ ಖಾನರ ಚಿತ್ರದಲ್ಲಿ ನೀವು ನೋಡಿರುವುದು ಅದನ್ನೇ. ಲಾಂಛನ ಅರ್ಧಚಂದ್ರ ಮತ್ತು ಬಾಗಿದ ಖಡ್ಗ. ಆ ಅರ್ಧಚಂದ್ರವನ್ನು ಬಂಗಾಳದ ಹುಲಿಯ ಎರಡು ಉಗುರುಗಳಿಂದ ಮಾಡಬೇಕೆಂಬುದು ನಿಯಮ! ಸದಸ್ಯರು ಪರಸ್ಪರ ಎದುರಾದಾಗ ‘ಅಸ್ಸಲಾಮು ಅಲೈಕುಂ’ ಎನ್ನುತ್ತಿದ್ದರು. ಪ್ರಮಾಣವಚನದಲ್ಲಿ ಬೈಬಲಿನ ಜೊತೆಗೆ ಕುರ್‌ಆನ್‌ನ ಹೆಸರೂ ಬರುತ್ತಿತ್ತು. ಹೊಸಬರಿಗೆ ಕಣ್ಣು ಕಟ್ಟಿ ‘ಮರುಭೂಮಿಯ ಕಾದ ಮರಳು’ ದಾಟಿಸುವ ಆಟ, ಅದರ ನಂತರ ಭರ್ಜರಿ ಊಟ.

ಇಷ್ಟೇ ಆಗಿದ್ದರೆ ವೇಷದ ಹುಚ್ಚು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಫ್ಲೆಮಿಂಗ್ ಸಂಘಕ್ಕೊಂದು ಇತಿಹಾಸವನ್ನೂ ಬರೆದ. ಅದರ ಪ್ರಕಾರ ಈ ಪಂಥವನ್ನು ಹಿಜರಿ 25ರಲ್ಲಿ, ಅಂದರೆ ಕ್ರಿ.ಶ. 644ರಲ್ಲಿ, ಪ್ರವಾದಿ ಮುಹಮ್ಮದ್(ಸ)ರ ಅಳಿಯ ಖಲೀಫ ಹಝ್ರತ್ ಅಲಿ(ರ)ಯವರು ಮಕ್ಕಾದಲ್ಲಿ ಸ್ಥಾಪಿಸಿದರಂತೆ!

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲಿ. ಈ ಒಂದು ವಾಕ್ಯವನ್ನು ಪರೀಕ್ಷಿಸಲು ನಿಮಗೆ ದೊಡ್ಡ ಗ್ರಂಥಾಲಯ ಬೇಕಿಲ್ಲ, ಮದ್ರಸದಲ್ಲಿ ಕಲಿತದ್ದು ಸಾಕು. ಹಝ್ರತ್ ಅಲಿ(ರ) ಖಲೀಫರಾದದ್ದು ಹಿಜರಿ 35ರಲ್ಲಿ, ಹಝ್ರತ್ ಉಸ್ಮಾನ್(ರ) ಹುತಾತ್ಮರಾದ ಬಳಿಕ. ಕ್ರಿಸ್ತಶಕದ ಲೆಕ್ಕದಲ್ಲಿ ಅದು 656. ಹಿಜರಿ 25ರಲ್ಲಿ ಖಿಲಾಫತ್ ಇದ್ದದ್ದು ಹಝ್ರತ್ ಉಸ್ಮಾನ್(ರ)ರ ಕೈಯಲ್ಲಿ. ಇನ್ನು ಹಿಜರಿ 25 ಎಂದರೆ ಕ್ರಿ.ಶ. 645ರ ಕೊನೆಗೆ ಆರಂಭವಾಗಿ 646ರಲ್ಲಿ ಮುಗಿದ ವರ್ಷ. 644 ಆಗಲು ಸಾಧ್ಯವೇ ಇಲ್ಲ. ಒಂದೇ ವಾಕ್ಯದಲ್ಲಿ ಖಲೀಫರೂ ತಪ್ಪು, ವರ್ಷವೂ ತಪ್ಪು. ಆದರೂ ಅದು ಅಚ್ಚಾಯಿತು, ಕೈಯಿಂದ ಕೈಗೆ ಸಾಗಿತು, ಎಷ್ಟೋ ಜನ ನಂಬಿದರು. ಓದುವವರಲ್ಲಿ ಹಿಜರಿ ಲೆಕ್ಕ ತಿಳಿದವರು ಇರದಿದ್ದರೆ ಹೀಗಾಗುತ್ತದೆ. (ನಮ್ಮಲ್ಲೂ ಕೆಲವು ಮನೆತನಗಳ ವಂಶಾವಳಿಯನ್ನು ಇದೇ ತೂಕಕ್ಕೆ ಹಾಕಿ ನೋಡಬಹುದು. ಆ ವಿಷಯ ಇಲ್ಲಿ ಬೇಡ.)

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸಂಘ ಬಹಳ ದೊಡ್ಡದಾಯಿತು. ಲಕ್ಷಗಟ್ಟಲೆ ಸದಸ್ಯರಾದರು. ಅಮೆರಿಕದ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಕೂಡ ಶ್ರೈನರ್. 1923ರಲ್ಲಿ ವಾಷಿಂಗ್ಟನ್‌ನಲ್ಲಿ ಮಹಾಸಭೆ ನಡೆದಾಗ ಅವರೂ ಕೆಂಪು ಟೋಪಿ ತೊಟ್ಟು ಬಂದಿದ್ದರು. ಪ್ರತಿ ನಗರದ ಶಾಖೆಗೂ ಸ್ವಂತ ಕಟ್ಟಡ ಬೇಕಾಯಿತು. ಷಿಕಾಗೋದಲ್ಲಿ ಮದೀನಾ ಟೆಂಪಲ್, ಪಿಟ್ಸ್‌ಬರ್ಗ್‌ನಲ್ಲಿ ‘ಸಿರಿಯಾ ಮಾಸ್ಕ್’. ಹೌದು, ಮಸೀದಿ ಎಂದೇ ಹೆಸರು, ಆದರೆ ಅದು ಸಂಗೀತ ಸಭಾಂಗಣ. ಅದನ್ನು 1991ರಲ್ಲಿ ಕೆಡವಿದರು.

ನ್ಯೂಯಾರ್ಕಿನ ಮೂಲ ಶಾಖೆಗೆ ಮಾತ್ರ ಅರ್ಧ ಶತಮಾನವಾದರೂ ತಕ್ಕ ಮನೆ ಇರಲಿಲ್ಲ. ಹತ್ತಿರದ ಕಾರ್ನೆಗಿ ಹಾಲ್‌ನಲ್ಲಿ ಸಭೆ ಸೇರುತ್ತಿದ್ದರು. ಇವರ ಚುಟ್ಟದ ಹೊಗೆ ತಾಳಲಾರದೆ ಅಲ್ಲಿಂದ ಹೊರಹಾಕಿದರೆಂಬ ಮಾತೂ ಇದೆ. ಕೊನೆಗೆ 55 ಮತ್ತು 56ನೇ ಬೀದಿಗಳ ನಡುವೆ ಜಾಗ ಹಿಡಿದು ಹ್ಯಾರಿ ನೋಲ್ಸ್ ಎಂಬ ವಾಸ್ತುಶಿಲ್ಪಿಗೆ ಕೆಲಸ ಒಪ್ಪಿಸಿದರು. ಆತನೂ ಫ್ರೀಮೇಸನ್. ಕೆಲಸ ಮುಗಿಯುವ ಮೊದಲೇ, 1923ರ ಆರಂಭದಲ್ಲಿ, ಆತ ತೀರಿಕೊಂಡ. ಕ್ಲಿಂಟನ್ ಮತ್ತು ರಸೆಲ್ ಎಂಬ ಸಂಸ್ಥೆ ಪೂರ್ಣಗೊಳಿಸಿತು. ಗುಮ್ಮಟಕ್ಕೆ 28 ಸಾವಿರಕ್ಕೂ ಹೆಚ್ಚು ಹೆಂಚಿನ ಬಿಲ್ಲೆಗಳು ಹಿಡಿದವು. 55ನೇ ಬೀದಿಯ ಕಡೆ ಸಭಾಂಗಣ, 56ನೇ ಬೀದಿಯ ಕಡೆ ಸಂಘದ ಕೋಣೆಗಳಿದ್ದ ಬಹುಮಹಡಿಯ ಭಾಗ, ನೆಲಮಾಳಿಗೆಯಲ್ಲಿ ಔತಣದ ಹಾಲ್.

ಆ ಕಮಾನುಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಅವು ಮಕ್ಕಾದವಲ್ಲ, ಅರೇಬಿಯಾದವೂ ಅಲ್ಲ. ಅವುಗಳ ತವರು ಅಂದಲೂಸ್, ಅಂದರೆ ಮುಸ್ಲಿಂ ಸ್ಪೇನ್. 785ರ ಸುಮಾರಿಗೆ ಕೊರ್ಡೋವಾದ ಜಾಮಿಅ ಮಸೀದಿಯ ಕೆಲಸ ಆರಂಭವಾದಾಗ ಕುದುರೆ ಲಾಳದಂತೆ ಒಳಕ್ಕೆ ಬಾಗುವ ಕಮಾನು ಅಲ್ಲಿ ಎದ್ದಿತು. ಅದು ಕೂಡ ಮುಸ್ಲಿಮರೇ ಮೊದಲು ಕಂಡುಹಿಡಿದದ್ದಲ್ಲ. ಅವರಿಗಿಂತ ಮುಂಚೆ ಸ್ಪೇನನ್ನಾಳಿದ ವಿಸಿಗಾಥರ ಚರ್ಚುಗಳಲ್ಲೂ ಲಾಳದ ಕಮಾನು ಇತ್ತು. ಕೊರ್ಡೋವಾದ ಕುಶಲಕರ್ಮಿಗಳು ಅದನ್ನು ಬೆಳೆಸಿದರು, ಕೆಂಪು ಇಟ್ಟಿಗೆ ಮತ್ತು ಬಿಳಿ ಕಲ್ಲನ್ನು ಒಂದರ ಪಕ್ಕ ಒಂದು ಇಟ್ಟು ಅದಕ್ಕೊಂದು ಚೆಲುವು ತಂದರು. ಮುಂದೆ ಗ್ರಾನಡಾದ ಅಲ್‌ಹಂಬ್ರಾ ಅರಮನೆಯಲ್ಲಿ ಜೇನುಗೂಡಿನ ಚಾವಣಿಯ ಕೆಲಸ, ಅರಬಿಯಲ್ಲಿ ಮುಖರ್ನಸ್ ಎನ್ನುವುದು, ಅದ್ಭುತವೆನ್ನುವ ಮಟ್ಟಕ್ಕೇರಿತು. 1492ರಲ್ಲಿ ಗ್ರಾನಡಾ ಕೈತಪ್ಪಿತು, ಕಟ್ಟಡ ಉಳಿಯಿತು. 1832ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಅಲ್‌ಹಂಬ್ರಾದ ಕಥೆಗಳನ್ನು ಪುಸ್ತಕ ಮಾಡಿದ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಓವೆನ್ ಜೋನ್ಸ್ ಅಲ್ಲಿಯ ಒಂದೊಂದು ವಿನ್ಯಾಸವನ್ನೂ ಅಳೆದು ಬಣ್ಣದಲ್ಲಿ ಅಚ್ಚು ಹಾಕಿಸಿದ. ಪಾಶ್ಚಾತ್ಯ ವಾಸ್ತುಶಿಲ್ಪಿಗಳು ಇಂಥ ಪುಸ್ತಕಗಳನ್ನು ಮುಂದಿಟ್ಟುಕೊಂಡೇ ‘ಮೂರಿಶ್’ ಶೈಲಿಯನ್ನು ಕಲಿತರು. ನಾಟಕಶಾಲೆ, ಯಹೂದಿ ಪ್ರಾರ್ಥನಾಲಯ, ಹೋಟೆಲು, ಲಾಡ್ಜ್ ಎಲ್ಲದಕ್ಕೂ ಅದು ಒದಗಿತು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಶ್ರೈನರ್‌ಗಳ ಇತಿಹಾಸ ಸುಳ್ಳು, ಅವರ ಸಲಾಮು ನಟನೆ. ಕಮಾನಿನ ಮಟ್ಟಿಗೆ ಮಾತ್ರ ಅವರ ಕೆಲಸಗಾರರು ಶ್ರದ್ಧೆಯಿಂದ ಗುರುವನ್ನು ಅನುಸರಿಸಿದ್ದಾರೆ. ಮಾತಿನಲ್ಲಿ ಮೋಸ ಮಾಡಿದಷ್ಟು ಸುಲಭವಾಗಿ ಇಟ್ಟಿಗೆಯಲ್ಲಿ ಮಾಡಲಾಗುವುದಿಲ್ಲ, ಬಿದ್ದುಹೋಗುತ್ತದೆ.

ಈಗ ಆ 1924ನೇ ವರ್ಷವನ್ನೇ ನೋಡಿ. ಆ ಮಾರ್ಚ್‌ನಲ್ಲಿ ತುರ್ಕಿಯಲ್ಲಿ ಖಿಲಾಫತ್ ರದ್ದಾಯಿತು. ಖಿಲಾಫತ್ ಚಳವಳಿಗಾಗಿ ಜೈಲಿಗೆ ಹೋಗಿ ಬಂದ ಭಾರತದ ಮುಸ್ಲಿಮರಿಗೆ ಅದು ಸಿಡಿಲು ಬಡಿದಂಥ ಸುದ್ದಿ. ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೆಕ್ಕಾ ಟೆಂಪಲ್ ತೆರೆಯಿತು. ಮರುವರ್ಷ, 1925ರ ನವೆಂಬರ್‌ನಲ್ಲಿ, ಮುಸ್ತಫಾ ಕಮಾಲ್ ಸರಕಾರ ಕೆಂಪು ಟೋಪಿಯನ್ನು ಕಾನೂನಿನಿಂದ ನಿಷೇಧಿಸಿತು. ಇಸ್ತಾಂಬುಲಿನಲ್ಲಿ ಅದನ್ನು ತೊಟ್ಟವನಿಗೆ ಶಿಕ್ಷೆ; ಮ್ಯಾನ್‌ಹಟನ್‌ನಲ್ಲಿ ಅದೇ ಟೋಪಿ ತೊಟ್ಟವನಿಗೆ ಔತಣ.

ಆಗ ಆ ನಗರದಲ್ಲಿ ನಿಜವಾದ ಮುಸ್ಲಿಮರೇ ಇರಲಿಲ್ಲವೇ? ಇದ್ದರು. 1893ರಲ್ಲಿ ಅಲೆಗ್ಸಾಂಡರ್ ರಸೆಲ್ ವೆಬ್ ಎಂಬ ಅಮೆರಿಕನ್ ಮುಸ್ಲಿಮರು ನ್ಯೂಯಾರ್ಕಿನಲ್ಲಿ ಇಸ್ಲಾಮಿನ ಪರಿಚಯಕ್ಕಾಗಿ ಒಂದು ಕಚೇರಿ ತೆರೆದು ‘ಮೊಸ್ಲೆಮ್ ವರ್ಲ್ಡ್’ ಎಂಬ ಪತ್ರಿಕೆ ಆರಂಭಿಸಿದ್ದರು. ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ಇವರು ಕೆಲಸಕ್ಕೆ ರಾಜೀನಾಮೆ ಕೊಟ್ಟು 1892ರಲ್ಲಿ ಭಾರತಕ್ಕೆ ಬಂದು ಮುಂಬಯಿ, ಹೈದರಾಬಾದ್, ಮದ್ರಾಸುಗಳಲ್ಲಿ ಭಾಷಣ ಮಾಡಿದವರು. ಇಲ್ಲಿಯ ವರ್ತಕರು ಹಣದ ಭರವಸೆ ಕೊಟ್ಟಿದ್ದರು. ಭರವಸೆಯಷ್ಟು ಹಣ ಹೋಗಲಿಲ್ಲ. ಕೆಲವೇ ವರ್ಷಗಳಲ್ಲಿ ಪತ್ರಿಕೆ ನಿಂತಿತು, ಕಚೇರಿ ಮುಚ್ಚಿತು. ಸಂಘ ನಡೆಸುವ ಹಿರಿಯರು ಈ ಸಾಲುಗಳನ್ನು ಎರಡು ಸಲ ಓದಿದರೆ ಬೇಸರವಿಲ್ಲ. 1907ರಲ್ಲಿ ಬ್ರೂಕ್ಲಿನ್‌ನಲ್ಲಿ ಪೋಲೆಂಡ್, ಲಿಥುವೇನಿಯಾ ಕಡೆಯಿಂದ ವಲಸೆ ಬಂದ ತಾತಾರ್ ಮುಸ್ಲಿಮರು ಸಂಘ ಕಟ್ಟಿದರು. ಮುಂದೆ ಅವರು ನಮಾಝಿಗಾಗಿ ಕೊಂಡದ್ದು ಮರದ ಹಲಗೆಯ ಒಂದು ಹಳೆಯ ಚರ್ಚ್ ಕಟ್ಟಡ. ಮಕ್ಕಾದ ಹೆಸರಿನ ದೊಡ್ಡ ಗುಮ್ಮಟ ನದಿಯ ಆಚೆ, ಮಕ್ಕಾದ ಕಡೆ ಮುಖ ಮಾಡಿ ನಿಲ್ಲುವವರು ನದಿಯ ಈಚೆ ಮರದ ಮನೆಯಲ್ಲಿ.

ಕರಿಯ ಜನಾಂಗದ ಫ್ರೀಮೇಸನ್ನರ ಕಥೆಯೂ ಇಲ್ಲಿ ಬರಬೇಕು. ಬಿಳಿಯರ ಶ್ರೈನ್ ಅವರನ್ನು ಸೇರಿಸಿಕೊಳ್ಳಲಿಲ್ಲ. 1893ರಲ್ಲಿ ಅವರು ಷಿಕಾಗೋದಲ್ಲಿ ತಮ್ಮದೇ ಶ್ರೈನ್ ಆರಂಭಿಸಿದರು, ಅದೇ ಟೋಪಿ, ಅದೇ ಲಾಂಛನ. ಬಿಳಿಯರು ನ್ಯಾಯಾಲಯಕ್ಕೆ ಹೋದರು: ನಮ್ಮ ಹೆಸರು, ನಮ್ಮ ಚಿಹ್ನೆ ಕದ್ದಿದ್ದಾರೆ ಎಂದು! ಅರಬರಿಂದ ಕೇಳದೆ ತಂದ ಚಂದ್ರ-ಖಡ್ಗಕ್ಕೆ ಒಡೆತನದ ದಾವೆ. 1929ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕರಿಯರ ಪರ ತೀರ್ಪಿತ್ತಿತು. ಇಷ್ಟು ವರ್ಷ ಸುಮ್ಮನಿದ್ದು ಈಗ ತಕರಾರು ಎತ್ತುವುದು ಸಲ್ಲದು ಎಂಬುದು ತೀರ್ಪಿನ ಸಾರ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಶ್ರೈನರ್‌ಗಳು 1920ರಲ್ಲಿ ಅಂಗವಿಕಲ ಮಕ್ಕಳ ಆಸ್ಪತ್ರೆ ಕಟ್ಟಲು ತೀರ್ಮಾನಿಸಿದರು. ಮೊದಲನೆಯದು 1922ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಆರಂಭವಾಯಿತು. ಮಗುವಿನ ತಂದೆತಾಯಿಯಿಂದ ಹಣ ಪಡೆಯದೆ ದಶಕಗಟ್ಟಲೆ ಚಿಕಿತ್ಸೆ ನಡೆಸಿದರು. ಟೋಪಿಯನ್ನು ಕಂಡು ನಗುವವರು ಆಸ್ಪತ್ರೆಯನ್ನೂ ನೋಡಬೇಕು.

ಕಟ್ಟಡಕ್ಕೆ ಮರಳೋಣ. 1929ರಲ್ಲಿ ಷೇರುಪೇಟೆ ಕುಸಿಯಿತು. ಕೆಲಸ ಕಳಕೊಂಡವನು ಮೊದಲು ನಿಲ್ಲಿಸುವುದು ಸಂಘದ ಚಂದಾವನ್ನೇ. ಸಾಲ ತೀರಲಿಲ್ಲ, ತೆರಿಗೆ ಬಾಕಿ ಏರುತ್ತ ಹೋಯಿತು. ತೆರೆದು ಇಪ್ಪತ್ತು ವರ್ಷ ತುಂಬುವ ಮೊದಲೇ, 1940ರ ದಶಕದ ಆರಂಭದಲ್ಲಿ, ಮೆಕ್ಕಾ ಟೆಂಪಲ್ ತೆರಿಗೆ ಬಾಕಿಗಾಗಿ ನಗರಾಡಳಿತದ ಪಾಲಾಯಿತು. ಕೆಡವಿಬಿಡುವ ಮಾತೂ ಬಂತು.

ಆಗಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ. ತಂದೆ ಇಟಲಿಯವರು, ತಾಯಿ ಯಹೂದಿ, ಬಡವರ ಪರ ಎಂದು ಹೆಸರಾದವರು. ಇವರೂ ನಗರಸಭೆಯ ಅಧ್ಯಕ್ಷ ನ್ಯೂಬೋಲ್ಡ್ ಮಾರಿಸ್ ಮತ್ತು ತೆರಿಗೆ ವಕೀಲ ಮಾರ್ಟನ್ ಬಾಮ್ ಅವರೂ ಸೇರಿ ಒಂದು ಯೋಜನೆ ಮಾಡಿದರು. ಒಳ್ಳೆಯ ನಾಟಕ, ಒಳ್ಳೆಯ ಸಂಗೀತ ಆ ಕಾಲದ ನ್ಯೂಯಾರ್ಕಿನಲ್ಲಿ ದುಡ್ಡಿದ್ದವರಿಗೆ ಮಾತ್ರ ಸಿಗುತ್ತಿತ್ತು. ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವವಳೂ ಶಾಲಾ ಮಾಸ್ತರನೂ ಟಿಕೆಟು ಕೊಳ್ಳಬಲ್ಲಂಥ ಒಂದು ರಂಗಮಂದಿರ ಬೇಕಿತ್ತು. ಕಟ್ಟಡ ಹೇಗೂ ಕೈಯಲ್ಲಿದೆ! ಕಾರ್ಮಿಕ ಸಂಘಗಳೂ ಹಣ ಹಾಕಿದವು. 1943ರ ಡಿಸೆಂಬರ್ 11, ಮೇಯರರ 61ನೇ ಹುಟ್ಟುಹಬ್ಬದ ದಿನ, ‘ಸಿಟಿ ಸೆಂಟರ್ ಆಫ್ ಮ್ಯೂಸಿಕ್ ಅಂಡ್ ಡ್ರಾಮಾ’ ತೆರೆಯಿತು. ರಾಷ್ಟ್ರಗೀತೆಗೆ ವಾದ್ಯವೃಂದವನ್ನು ಮೇಯರರೇ ನಡೆಸಿದರು. ಟಿಕೆಟಿನ ದರ ಎರಡು ಡಾಲರ್ ಮೀರದಂತೆ ಇಟ್ಟರು.

ಮುಂದೆ ಆ ವೇದಿಕೆಯ ಮೇಲೆ ಏನೆಲ್ಲ ಆಯಿತು! 1944ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಸಿಟಿ ಆಪರಾ ಅಲ್ಲೇ ಹುಟ್ಟಿತು. 1945ರಲ್ಲಿ ಪಾಲ್ ರಾಬ್ಸನ್ ಅಲ್ಲಿ ಶೇಕ್ಸ್‌ಪಿಯರನ ಒಥೆಲೊ ಆಗಿ ನಿಂತರು. ಒಥೆಲೊ ಒಬ್ಬ ಮೂರ್. ಮೂರಿಶ್ ಕಮಾನಿನ ಸಭಾಂಗಣದಲ್ಲಿ, ಗುಲಾಮನಾಗಿ ಹುಟ್ಟಿದ ತಂದೆಯ ಮಗ ಆ ಪಾತ್ರವನ್ನು ಆಡಿದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅದೇ ವರ್ಷ ಟಾಡ್ ಡಂಕನ್, ಮರುವರ್ಷ ಕ್ಯಾಮಿಲಾ ವಿಲಿಯಮ್ಸ್ ಎಂಬ ಕರಿಯ ಗಾಯಕರು ಸಿಟಿ ಆಪರಾದ ಪ್ರಮುಖ ಪಾತ್ರಗಳಲ್ಲಿ ಹಾಡಿದರು. ಬೇರೆ ದೊಡ್ಡ ಆಪರಾ ಸಂಸ್ಥೆಗಳು ಅವರಂಥವರಿಗೆ ಬಾಗಿಲು ತೆರೆದಿರದ ಕಾಲ ಅದು. ನ್ಯೂಯಾರ್ಕಿನ ಪ್ರಸಿದ್ಧ ಮೆಟ್ರೋಪಾಲಿಟನ್ ಆಪರಾದ ವೇದಿಕೆಗೆ ಕರಿಯ ಗಾಯಕಿ ಮರಿಯನ್ ಆಂಡರ್ಸನ್ ಏರಿದ್ದು 1955ರಲ್ಲಿ. 1948ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಕೂಡ ಇಲ್ಲಿಯೇ ಆರಂಭವಾಯಿತು.

ಸಭಾಂಗಣ ಮಾತ್ರ ನಾಟಕಕ್ಕೆ ಹೇಳಿ ಮಾಡಿಸಿದ್ದಾಗಿರಲಿಲ್ಲ. ಭಾಷಣ, ಔತಣಗಳಿಗೆಂದು ಕಟ್ಟಿದ ಜಾಗ. ನೆಲದ ಇಳಿಜಾರು ಸಾಲದು, ಮುಂದೆ ಕೂತವನ ತಲೆ ಅಡ್ಡ, ವೇದಿಕೆಯ ಇಕ್ಕೆಲಗಳಲ್ಲಿ ಪರದೆ ಎಳೆಯಲೂ ಸ್ಥಳವಿಲ್ಲ. ಲಿಂಕನ್ ಸೆಂಟರ್ ಎಂಬ ಹೊಸ ಕಲಾಸಂಕೀರ್ಣ ಎದ್ದೊಡನೆ 1964ರಲ್ಲಿ ಬ್ಯಾಲೆ, 1966ರಲ್ಲಿ ಆಪರಾ ಅಲ್ಲಿಗೆ ಹೋದವು. 1970ರ ದಶಕದಲ್ಲಿ ಮತ್ತೆ ಕೆಡವುವ ಮಾತು ಎದ್ದಿತು. ವಕೀಲ ಹೋವರ್ಡ್ ಸ್ಕ್ವಾಡ್ರನ್ ಮೊದಲಾದವರು 1976ರಲ್ಲಿ ಹೊಸ ಪ್ರತಿಷ್ಠಾನ ರಚಿಸಿ ಅದನ್ನು ನೃತ್ಯಮಂದಿರವಾಗಿ ಉಳಿಸಿಕೊಂಡರು. 1983ರಲ್ಲಿ ನಗರದ ಸಂರಕ್ಷಿತ ಸ್ಮಾರಕವೆಂದು ಘೋಷಣೆಯಾಯಿತು. ಆ ದಶಕದಲ್ಲೇ ರಂಗಮಂದಿರದ ಮೇಲಿನ ಖಾಲಿ ಆಕಾಶದ ಹಕ್ಕನ್ನು ಪಕ್ಕದ ಗಗನಚುಂಬಿಗೆ ಮಾರಿ ದುರಸ್ತಿಗೆ ಹಣ ಹೊಂದಿಸಿದರು. ಸಿಟಿಸ್ಪೈರ್ ಎಂಬ ಆ ಕಟ್ಟಡದ ನೆತ್ತಿಗೂ ಒಂದು ಗುಮ್ಮಟವಿದೆ. ಗಾಳಿ ಬೀಸಿದರೆ ಅದು ಸಿಳ್ಳೆ ಹಾಕುತ್ತಿತ್ತು, ನೆರೆಯವರ ದೂರಿನ ಮೇಲೆ ದಂಡ ತೆತ್ತಿತು.

2011ರ ಅಕ್ಟೋಬರ್‌ನಲ್ಲಿ ಐದೂವರೆ ಕೋಟಿ ಡಾಲರಿಗೂ ಹೆಚ್ಚಿನ ವೆಚ್ಚದ ನವೀಕರಣ ಮುಗಿದು ಸಿಟಿ ಸೆಂಟರ್ ಮತ್ತೆ ತೆರೆಯಿತು. ಸುಮಾರು 2,750 ಇದ್ದ ಆಸನಗಳನ್ನು 2,257ಕ್ಕೆ ಇಳಿಸಿ, ಹಿಂದೆ ಕೂತವರಿಗೂ ವೇದಿಕೆ ಕಾಣುವಂತೆ ನೆಲವನ್ನು ಸರಿಪಡಿಸಿದರು. ಗೋಡೆ, ಚಾವಣಿಗಳ ಹಳೆಯ ಬಣ್ಣಗಳನ್ನು ಪರೀಕ್ಷಿಸಿ, ಗ್ರಾನಡಾವನ್ನು ನೆನಪಿಸುವ ಆ ವಿನ್ಯಾಸಗಳಿಗೆ ಮತ್ತೆ ಜೀವ ತುಂಬಿದರು. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಶ್ರೈನರ್‌ಗಳು ‘ಪ್ರಾಚೀನ ಅರಬ್ ಪಂಥ’ ಎಂಬ ಹೆಸರನ್ನು ಬಿಟ್ಟು ‘ಶ್ರೈನರ್ಸ್ ಇಂಟರ್‌ನ್ಯಾಷನಲ್’ ಆದರು. ಷಿಕಾಗೋದ ಮದೀನಾ ಟೆಂಪಲ್‌ನ ಪಾಡು ಬೇರೆ. 2003ರಲ್ಲಿ ಅದು ಗೃಹೋಪಕರಣಗಳ ಮಳಿಗೆಯಾಯಿತು, 2023ರಲ್ಲಿ ಅಲ್ಲಿ ತಾತ್ಕಾಲಿಕ ಜೂಜುಗೃಹ ತೆರೆಯಿತು. ಆ ಹೆಸರಿನ ಕೆಳಗೆ ಜೂಜು ಎಂದು ಓದಿದಾಗ ನನಗೆ ನೋವಾಯಿತು ಎಂಬುದನ್ನು ಮರೆಮಾಚಲಾರೆ.

ನ್ಯೂಯಾರ್ಕಿನಲ್ಲಿ ಮಸೀದಿಗೆಂದೇ ದೊಡ್ಡದಾಗಿ ಕಟ್ಟಿದ ಮೊದಲ ಕಟ್ಟಡ 96ನೇ ಬೀದಿಯ ಇಸ್ಲಾಮಿಕ್ ಕಲ್ಚರಲ್ ಸೆಂಟರ್. ಅದು ತೆರೆದದ್ದು 1991ರಲ್ಲಿ, ಮೆಕ್ಕಾ ಟೆಂಪಲ್ ತೆರೆದು 67 ವರ್ಷಗಳ ನಂತರ. ನಿಮ್ಮಲ್ಲಿ ಯಾರಾದರೂ ಮುಂದೆ ಓದಿಗೋ ಉದ್ಯೋಗಕ್ಕೋ ಆ ನಗರಕ್ಕೆ ಹೋದರೆ ಒಂದು ಶುಕ್ರವಾರ ಬಿಡುವು ಮಾಡಿಕೊಳ್ಳಿ. ಬೆಳಿಗ್ಗೆ 55ನೇ ಬೀದಿಗೆ ಹೋಗಿ ಆ ಕಮಾನುಗಳ ಕೆಳಗೆ ನಿಂತು ತಲೆಯೆತ್ತಿ ನೋಡಿ. ಕೊರ್ಡೋವಾದ ಕೈಗುರುತು ಕಾಣುತ್ತದೋ ಹುಡುಕಿ. ಅಲ್ಲಿಂದ 96ನೇ ಬೀದಿಗೆ ಎರಡು ಮೈಲಿಗೂ ಸ್ವಲ್ಪ ಹೆಚ್ಚಿನ ದಾರಿ, ಜುಮಾ ಹೊತ್ತಿಗೆ ನಡೆದೇ ತಲುಪಬಹುದು.